ಮರವನ್ನು ಮಣಿಸಿದ ಬಡಗಿ: ಮಿಖಾಯೆಲ್ ಟೋನೆಟ್

ಮಹಾಪುರುಷರೆಂದೊಡನೆ ನಮ್ಮ ಕಣ್ಣ ಮುಂದೆ ಬರುವವರು ಅರಸರು, ಸಂತರು, ಕವಿಗಳು. ಆದರೆ ನಾವು ಕುಳಿತುಕೊಳ್ಳುವ ಕುರ್ಚಿಯನ್ನೂ ನೀರು ಕುಡಿಯುವ ಲೋಟವನ್ನೂ ಯಾರೋ ಒಬ್ಬರು ಯೋಚಿಸಿಯೇ ಮಾಡಿರಬೇಕಲ್ಲವೆ? ಹೀಗೆ ಬಳಕೆಯ ವಸ್ತುವಿನ ರೂಪ, ಬಾಳಿಕೆ, ಬೆಲೆ ಈ ಮೂರನ್ನೂ ಮೊದಲೇ ಆಲೋಚಿಸಿ ಗೊತ್ತುಮಾಡುವವನನ್ನು ಇಂದು ಪ್ರಾಡಕ್ಟ್ ಡಿಸೈನರ್ ಎನ್ನುತ್ತಾರೆ. ಆ ಹೆಸರು ಹುಟ್ಟುವುದಕ್ಕೆ ಮೊದಲೇ ಆ ಕೆಲಸವನ್ನು ಮಾಡಿ ತೋರಿಸಿದ ಒಬ್ಬ ಬಡಗಿಯ ಜೀವನವನ್ನು ವಾಚಕರ ಮುಂದಿಡುತ್ತಿದ್ದೇನೆ. ನಾನೂ ಬಡಗಿಯ ಮಗ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗ. ಆದುದರಿಂದ ಈ ಜೀವನಚರಿತ್ರೆ ನನಗೆ ಬರಿಯ ಓದಿನ ವಿಷಯವಲ್ಲ.

ಮಿಖಾಯೆಲ್ ಟೋನೆಟ್ 1796ರಲ್ಲಿ ಜರ್ಮನಿಯ ರೈನ್ ನದಿಯ ದಡದಲ್ಲಿರುವ ಬೋಪಾರ್ಡ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದನು. ತಂದೆ ಚರ್ಮ ಹದಮಾಡುವ ಕಸುಬಿನವನು. ಮಗನು ಮರಗೆಲಸವನ್ನು ಕಲಿತು 1819ರಲ್ಲಿ ಸ್ವಂತ ಕಾರ್ಖಾನೆ ತೆರೆದನು. ಅಂದಿನ ಜನಕ್ಕೆ ಬಾಗುಬಳುಕಿನ ಪೀಠೋಪಕರಣಗಳೆಂದರೆ ಪ್ರೀತಿ. ಆದರೆ ಮರಕ್ಕೆ ನಾರಿನ ದಿಕ್ಕು ಎಂಬುದೊಂದಿದೆ. ಬಾಗಿದ ಕಾಲನ್ನು ದಪ್ಪ ಹಲಗೆಯಿಂದ ಕೊರೆದು ತೆಗೆದರೆ ನಾರು ಅಡ್ಡಲಾಗಿ ಕತ್ತರಿಸಿಹೋಗಿ ಅಲ್ಲಿಯೇ ಮುರಿಯುತ್ತದೆ. ಮರವೂ ಬಹಳ ವ್ಯರ್ಥವಾಗುತ್ತದೆ. ನಮ್ಮ ತಂದೆಯವರು ಇದನ್ನು ನನಗೆ ಚಿಕ್ಕಂದಿನಲ್ಲಿಯೇ ಒಂದು ತುಂಡು ಮುರಿದು ತೋರಿಸಿದ್ದರು. ಕೊರೆಯುವುದಕ್ಕೆ ಬದಲು ಬಾಗಿಸಿದರೆ ಹೇಗೆ ಎಂಬುದೇ ಟೋನೆಟ್ಟನ ಯೋಚನೆ.

1830ರ ಸುಮಾರಿಗೆ ಆತನು ತೆಳುವಾದ ಮರದ ಪಟ್ಟಿಗಳನ್ನು ಅಂಟಿನಲ್ಲಿ ಕುದಿಸಿ, ಅಚ್ಚಿನಲ್ಲಿಟ್ಟು ಬಾಗಿಸತೊಡಗಿದನು. ಕುರ್ಚಿಗಳು ಹಗುರವೂ ಗಟ್ಟಿಯೂ ಆದವು. ಆದರೆ ಈ ವಿಧಾನಕ್ಕೆ ಪರದೇಶಗಳಲ್ಲಿ ಪೇಟೆಂಟು ಪಡೆಯುವ ಪ್ರಯತ್ನದಲ್ಲಿ ಸಾಲ ಬೆಳೆಯಿತು. 1841ರಲ್ಲಿ ಕೋಬ್ಲೆನ್ಸ್ ನಗರದ ಪ್ರದರ್ಶನದಲ್ಲಿ ಆಸ್ಟ್ರಿಯದ ಮಂತ್ರಿ ಮೆಟರ್ನಿಕ್ ಆತನ ಕೆಲಸವನ್ನು ಮೆಚ್ಚಿ ವಿಯೆನ್ನಾಕ್ಕೆ ಆಹ್ವಾನಿಸಿದನು. ಟೋನೆಟ್ ಅತ್ತ ಹೋಗಿರಲು, ಇತ್ತ ಸಾಲ ಕೊಟ್ಟವರು ಬೋಪಾರ್ಡಿನ ಆಸ್ತಿಯನ್ನು ಜಪ್ತಿ ಮಾಡಿಸಿದರು. ನಲವತ್ತಾರನೆಯ ವಯಸ್ಸಿನಲ್ಲಿ ಆತನು ಹೆಂಡತಿ ಮಕ್ಕಳೊಡನೆ ಪರವೂರಿನಲ್ಲಿ ಹೊಸದಾಗಿ ಬಾಳು ಕಟ್ಟಬೇಕಾಯಿತು. ಕೆಲವು ವರ್ಷ ಲೀಕ್ಟೆನ್‌ಸ್ಟೈನ್ ಅರಮನೆಯ ಕೆಲಸದಲ್ಲಿ ದುಡಿದು, 1849ರಲ್ಲಿ ವಿಯೆನ್ನಾದಲ್ಲಿ ತನ್ನದೇ ಕಾರ್ಖಾನೆ ತೆರೆದನು. 1853ರಲ್ಲಿ ಅದನ್ನು ತನ್ನ ಐವರು ಗಂಡುಮಕ್ಕಳ ಹೆಸರಿಗೆ ವಹಿಸಿದನು.

ಅಂಟಿಗೆ ಒಂದು ದೋಷವಿತ್ತು: ತೇವ ತಾಗಿದರೆ ಅದು ಬಿಟ್ಟುಕೊಳ್ಳುವುದು. ಅಂಟಿಲ್ಲದೆ ಇಡಿಯ ಮರವನ್ನೇ ಬಾಗಿಸಲು ಆತನು ಹವಣಿಸಿದನು. ಹಬೆಯಲ್ಲಿ ಬೆಂದ ಮರವು ಒಳಮಗ್ಗುಲಲ್ಲಿ ಕುಗ್ಗಬಲ್ಲುದು, ಆದರೆ ಹೊರಮಗ್ಗುಲಲ್ಲಿ ಹಿಗ್ಗಲಾರದೆ ಸೀಳುತ್ತದೆ. ಆತನು ಹೊರಮಗ್ಗುಲಿಗೆ ಲೋಹದ ಪಟ್ಟಿಯೊಂದನ್ನು ಬಿಗಿದನು. ಹಿಗ್ಗುವುದಕ್ಕೆ ಪಟ್ಟಿ ಬಿಡದಿರಲು, ಮರವು ಸೀಳದೆ ಬಾಗಿತು! 1856ರಲ್ಲಿ ಈ ವಿಧಾನಕ್ಕೆ ಸರಕಾರದ ಹಕ್ಕು ದೊರೆಯಿತು. ಬೀಚ್ ಮರದ ಕಾಡುಗಳಿದ್ದ ಮೊರಾವಿಯದ ಕೋರಿಚಾನ್ ಎಂಬಲ್ಲಿ ದೊಡ್ಡ ಕಾರ್ಖಾನೆ ಎದ್ದಿತು.

1859ರಲ್ಲಿ ಅಲ್ಲಿಂದ ಹೊರಟದ್ದೇ ಹದಿನಾಲ್ಕನೆಯ ನಂಬರಿನ ಕುರ್ಚಿ. ಅದರಲ್ಲಿದ್ದುದು 6 ಮರದ ಭಾಗಗಳು, 10 ತಿರುಪುಮೊಳೆಗಳು, 2 ನಟ್ಟುಗಳು. ಬಿಚ್ಚಿಟ್ಟರೆ 36 ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದವು. ಹಡಗಿನಲ್ಲಿ ಕಳುಹಿಸಿ, ತಲಪಿದ ಊರಿನಲ್ಲಿ ಜೋಡಿಸಿದರಾಯಿತು. ಕಾಫಿ ಹೋಟೆಲುಗಳು ಈ ಕುರ್ಚಿಗಳಿಂದ ತುಂಬಿದವು. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ ಬಂದಿತು. ಟೋನೆಟ್ 1871ರ ಮಾರ್ಚ್ 3ರಂದು ವಿಯೆನ್ನಾದಲ್ಲಿ ತೀರಿಕೊಂಡನು. 1930ರ ಹೊತ್ತಿಗೆ ಸುಮಾರು 5 ಕೋಟಿ ಕುರ್ಚಿಗಳು ಮಾರಾಟವಾಗಿದ್ದವೆಂದು ಲೆಕ್ಕ. ಇಂದಿಗೂ ಅದು ತಯಾರಾಗುತ್ತಿದೆ.

ಇಲ್ಲಿ ನನ್ನನ್ನು ಕಾಡುವ ಪ್ರಶ್ನೆಯೊಂದಿದೆ. ಆ ಕುರ್ಚಿಯಲ್ಲಿ ಬಡಗಿಯ ಹೆಮ್ಮೆಯಾದ ಕೂಡುಗೆಲಸವೇ ಇಲ್ಲ. ಕಸುಬು ತಿಳಿಯದ ಕೂಲಿಗಳೂ ಅದನ್ನು ಮಾಡಬಲ್ಲವರಾದರು. ಹಾಗಾದರೆ ಬಡಗಿಯೊಬ್ಬನು ಬಡಗಿಗಳ ಅನ್ನಕ್ಕೇ ಕಲ್ಲು ಹಾಕಿದಂತಾಗಲಿಲ್ಲವೆ? ಒಂದು ರೀತಿಯಲ್ಲಿ ಹೌದೆನ್ನಬೇಕು. ಆದರೆ ಮರದ ನಾರು ಎಲ್ಲಿ ಕುಗ್ಗುತ್ತದೆ, ಎಲ್ಲಿ ಸೀಳುತ್ತದೆ ಎಂಬುದನ್ನು ಕೈಯಿಂದ ಬಲ್ಲ ಬಡಗಿಯಲ್ಲದೆ ಬೇರೆ ಯಾರಿಗೆ ಆ ಲೋಹದ ಪಟ್ಟಿ ಹೊಳೆದೀತು? ಕಸುಬು ಅಳಿಯಲಿಲ್ಲ, ಕುರ್ಚಿಯಿಂದ ಹೊರಟು ಆಲೋಚನೆಯೊಳಗೆ ಸೇರಿಕೊಂಡಿತು.

ವಿನ್ಯಾಸಕಾರನಾಗಬೇಕೆನ್ನುವ ತರುಣನಿಗೆ ಈ ಬಾಳು ಹೇಳುವುದಿಷ್ಟೆ: ಚಂದದ ಚಿತ್ರ ಬರೆದರೆ ಸಾಲದು. ವಸ್ತುವಿನ ಗುಣವನ್ನು ಕೈಯಿಂದ ಅರಿಯಬೇಕು. ಸೋತ ಕಡೆಯಲ್ಲಿ ಕಾರಣ ಹುಡುಕಬೇಕು. ಮಾಡುವವನನ್ನೂ ಸಾಗಿಸುವವನನ್ನೂ ಕೊಳ್ಳುವವನನ್ನೂ ಒಟ್ಟಿಗೆ ನೆನೆಯಬೇಕು. ಇದನ್ನು ಕಲಿಸಲು ನಮ್ಮ ದೇಶದಲ್ಲಿಯೂ 1961ರಲ್ಲಿ ಅಹಮದಾಬಾದಿನಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್ ಸ್ಥಾಪನೆಯಾಯಿತು. ಈಗ ಬೆಂಗಳೂರಿನಲ್ಲಿಯೂ ಅದರ ಶಾಖೆಯಿದೆ. ಅಲ್ಲಿ ಪ್ರವೇಶ ಪರೀಕ್ಷೆಯನ್ನು ಗೆಲ್ಲಬೇಕು.

ನಾನು ಉಳಿ ಹಿಡಿಯುವುದು ಬೇಡವೆಂದೇ ನಮ್ಮ ತಂದೆಯವರು ನನ್ನನ್ನು ಓದಿಸಿದರು. ಆ ಋಣ ದೊಡ್ಡದು. ಆದರೂ ಈ ಬೇಸಗೆಯಲ್ಲಿ, ಪರೀಕ್ಷೆ ಮುಗಿದ ಮೇಲೆ, ಉಳಿ ಹಿಡಿಯುವುದನ್ನು ಕಲಿಸಿಕೊಡಿರೆಂದು ಅವರನ್ನೇ ಕೇಳಬೇಕೆಂದಿದ್ದೇನೆ.