ಪರೇಲಿನ ಹಾಫ್ಕಿನ್, ಹುಬ್ಬಳ್ಳಿಯ ಸೂಜಿ

ಪರೇಲ್ ಕಡೆ ಓಡಾಡುವ ಮುಂಬೈ ಕನ್ನಡಿಗರಿಗೆ ಹಾಫ್ಕಿನ್ ಎಂಬ ಹೆಸರು ಹೊಸದಲ್ಲ. ಟಾಟಾ ಆಸ್ಪತ್ರೆಗೆಂದು ಊರಿನಿಂದ ಬಂದವರಿಗೆ ದಾರಿ ಹೇಳುವಾಗ ಹಾಫ್ಕಿನ್ ಸಂಸ್ಥೆ ನಮಗೊಂದು ಗುರುತು. ಆ ಹೆಸರಿನ ಮನುಷ್ಯನ ಋಣ ನಮ್ಮ ಹುಬ್ಬಳ್ಳಿ-ಧಾರವಾಡದ ಮೇಲೂ ಇದೆ ಎಂದರೆ ಗೆಳೆಯರು ಹುಬ್ಬೇರಿಸುತ್ತಾರೆ.

ವಾಲ್ಡೆಮಾರ್ ಹಾಫ್ಕಿನ್ ಹುಟ್ಟಿದ್ದು 1860ರಲ್ಲಿ, ರಷ್ಯಾ ಸಾಮ್ರಾಜ್ಯದ ಒಡೆಸ್ಸಾದ ಯಹೂದಿ ಮನೆತನದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೆಚ್ನಿಕಾಫ್ ಅವರ ಶಿಷ್ಯ. ರಕ್ತದ ಬಿಳಿಕಣ ರೋಗಾಣುವನ್ನು ನುಂಗುತ್ತದೆ ಎಂದು ತೋರಿಸಿದ ಮೆಚ್ನಿಕಾಫ್ ಅವರೇ. ಯಹೂದಿಗಳ ಮೇಲೆ ದಾಳಿಯಾದಾಗ ಹಾಫ್ಕಿನ್ ತನ್ನವರ ಪರ ನಿಂತು ಬಂಧನಕ್ಕೊಳಗಾದ. ಮತಾಂತರವಾದರೆ ಅಧ್ಯಾಪಕನಾಗಬಹುದಿತ್ತು; ಆತ ಒಪ್ಪಲಿಲ್ಲ. ಜಿನೀವಾಕ್ಕೆ ಹೋಗಿ, ಅಲ್ಲಿಂದ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿದ. ಮೊದಲು ಸಿಕ್ಕಿದ್ದು ಗ್ರಂಥಾಲಯದ ಕೆಲಸ.

ಆಗ ಆತ ನೋಡುತ್ತಿದ್ದದ್ದು ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯನ್ನು. ನಮ್ಮ ಪಿಯುಸಿ ಪ್ರಾಕ್ಟಿಕಲ್‌ನಲ್ಲಿ ಚಪ್ಪಲಿಯಂತೆ ಚಿತ್ರ ಬರೆಯುತ್ತಿದ್ದೆವಲ್ಲ, ಅದೇ. ಅದು ತನ್ನ ಪೊರೆಯನ್ನೇ ಒಳಕ್ಕೆ ಎಳೆದು ಚಿಕ್ಕ ಚೀಲ ಮಾಡಿಕೊಂಡು ಆಹಾರವನ್ನು ನುಂಗುತ್ತದೆ; ನಮ್ಮ ಬಿಳಿಕಣಗಳು ರೋಗಾಣುವನ್ನು ಒಳಗೆಳೆದುಕೊಳ್ಳುವುದೂ ಹೆಚ್ಚುಕಡಿಮೆ ಹಾಗೆಯೇ. ಈ ಒಂಟಿ ಕೋಶಕ್ಕೂ ಸೋಂಕು ತಗಲುತ್ತದೆ ಎಂದು 1890ರಲ್ಲಿ ಹಾಫ್ಕಿನ್ ಬರೆದ. ಎರಡೇ ವರ್ಷದಲ್ಲಿ ಕಾಲರಾ ಲಸಿಕೆ ತಯಾರಿಸಿ ಮೊದಲು ತನಗೇ ಚುಚ್ಚಿಕೊಂಡ. 1893ರಲ್ಲಿ ಕಲ್ಕತ್ತೆಗೆ ಬಂದ.

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಲಕ್ಷಾಂತರ ಜನ ಊರು ಬಿಟ್ಟರು. ಅಕ್ಟೋಬರಿನಲ್ಲಿ ಬಂದಿಳಿದ ಹಾಫ್ಕಿನ್‌ಗೆ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದಿಷ್ಟು ಜಾಗ, ಒಬ್ಬ ಗುಮಾಸ್ತ, ಮೂವರು ಜವಾನರು ಸಿಕ್ಕರು. ಮಾಂಸದ ಸಾರಿನಲ್ಲಿ ರೋಗಾಣು ಬೆಳೆಸಬೇಕು. ಗೋಮಾಂಸವಾದರೆ ಹಿಂದೂಗಳು, ಹಂದಿಯಾದರೆ ಮುಸ್ಲಿಮರು ಒಪ್ಪುವುದಿಲ್ಲ. ಆಡಿನ ಮಾಂಸ ಬಳಸಿದ. ಸಾರಿನ ಮೇಲೆ ತುಪ್ಪದ ಹನಿ ಬಿಟ್ಟರೆ, ಅದರ ಕೆಳಗೆ ರೋಗಾಣುಗಳು ಗುಹೆಯ ಚಾವಣಿಯ ಸುಣ್ಣದ ಕಡ್ಡಿಗಳಂತೆ ಜೋತುಬಿದ್ದು ಬೆಳೆಯುತ್ತಿದ್ದವು. ಅಲುಗಿಸಿ ಉದುರಿಸಿದರೆ ಮತ್ತೆ ಬೆಳೆ! ತುಪ್ಪದ ಈ ಉಪಯೋಗ ನಮ್ಮ ಅಜ್ಜಿಯರಿಗೂ ಗೊತ್ತಿರಲಿಲ್ಲ. ಆಮೇಲೆ ಬಿಸಿ ಮಾಡಿ ರೋಗಾಣುವನ್ನು ಕೊಂದು, ಕಾರ್ಬಾಲಿಕ್ ಆಮ್ಲ ಬೆರೆಸಿದರೆ ಲಸಿಕೆ ಸಿದ್ಧ. ಸತ್ತ ರೋಗಾಣುವನ್ನು ಕಂಡೇ ದೇಹ ಪ್ರತಿಕಾಯಗಳನ್ನು ತಯಾರಿಸಿಕೊಳ್ಳುತ್ತದೆ. 1897ರ ಜನವರಿ 10ರಂದು ಆತ ಇದನ್ನೂ ಮೊದಲು ತನ್ನ ಮೇಲೇ ಪ್ರಯೋಗಿಸಿದ. ಅದೇ ತಿಂಗಳು ಬೈಕುಲ್ಲಾ ಜೈಲಿನ ಕೈದಿಗಳ ಸರದಿ.

ಮರುವರ್ಷ ಪ್ಲೇಗ್ ಹುಬ್ಬಳ್ಳಿಯಲ್ಲೂ ಹಬ್ಬಿತು. ಅಲ್ಲಿ ಲ್ಯೂಮನ್ ಎಂಬ ವೈದ್ಯ ಹಾಫ್ಕಿನ್ ಲಸಿಕೆಯನ್ನು ಹತ್ತಾರು ಸಾವಿರ ಜನರಿಗೆ ಹಾಕಿಸಿದ. ಜನ ಊರು ಬಿಟ್ಟು ಹೊಲದ ಗುಡಿಸಲು ಸೇರುತ್ತಿದ್ದ, ಪ್ಲೇಗಮ್ಮನಿಗೆ ಹರಕೆ ಹೊರುತ್ತಿದ್ದ ಕಾಲ ಅದು. ಜ್ವರ ಬರಿಸುವ ಸೂಜಿಗೆ ಅಷ್ಟು ಮಂದಿ ತೋಳು ಒಡ್ಡಿದ್ದು ಸಣ್ಣ ಸಂಗತಿಯಲ್ಲ.

ಮುಂದಿನದು ನನ್ನನ್ನು ಕಾಡುವ ಭಾಗ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೊವಾಲ್ ಹಳ್ಳಿಯಲ್ಲಿ ಐದು ಬಾಟಲಿಗಳಿಂದ 107 ಜನರಿಗೆ ಲಸಿಕೆ ಹಾಕಿದರು. ಒಂದೇ ಬಾಟಲಿಯಿಂದ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ಉಳಿದ 88 ಮಂದಿಗೆ ಏನೂ ಆಗಲಿಲ್ಲ. ಬೇಗ ಬೇಗ ತಯಾರಿಸಲೆಂದು ಹಾಫ್ಕಿನ್ ಕಾರ್ಬಾಲಿಕ್ ಆಮ್ಲ ಬಿಟ್ಟು ಶಾಖವನ್ನಷ್ಟೇ ನಂಬಿದ್ದ. ವಿಚಾರಣಾ ಆಯೋಗ ಅದನ್ನೇ ಹಿಡಿದುಕೊಂಡು, ವಿಷ ಪರೇಲಿನ ಪ್ರಯೋಗಾಲಯದಲ್ಲೇ ಸೇರಿತು ಎಂದಿತು. ಆತನ ಹುದ್ದೆ ಹೋಯಿತು. 1904ರಲ್ಲಿ ದೇಶ ಬಿಟ್ಟ.

ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಬಾಟಲಿಗಳ ದಾಖಲೆ ನೋಡುವುದೇ ನನ್ನ ಕೆಲಸ. ಇಂಥ ಪ್ರಕರಣ ನನ್ನ ಮೇಜಿಗೆ ಬಂದಿದ್ದರೆ ಮೊದಲ ಪ್ರಶ್ನೆ, ಮುಚ್ಚಳ ತೆಗೆದವರು ಯಾರು, ಹೇಗೆ ಎಂಬುದು. ಉತ್ತರ ಹಳ್ಳಿಯ ಸಾಕ್ಷ್ಯದಲ್ಲೇ ಇತ್ತು. ಆ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತ್ತು. ಸರಿಯಾಗಿ ಶುದ್ಧಿ ಮಾಡದೆ ಅದರಲ್ಲೇ ಬಿರಡೆ ಕಿತ್ತಿದ್ದರು. ಧನುರ್ವಾಯುವಿನ ಬೀಜ ಇರುವುದೇ ಮಣ್ಣಿನಲ್ಲಿ. ವಾರಗಟ್ಟಲೆ ಮೊದಲೇ ತುಂಬಿಸಿದ್ದ ಬಾಟಲಿಯೊಳಗೆ ಅದು ಬೆಳೆದಿದ್ದರೆ ದುರ್ವಾಸನೆ ಬರಬೇಕಿತ್ತು. ತೆರೆದ ವೈದ್ಯನಿಗೆ ವಾಸನೆಯೇ ಬಂದಿರಲಿಲ್ಲ. ಇಷ್ಟು ತಿಳಿಯಲು ಐದು ವರ್ಷ ಬೇಕಾಯಿತು. ಮಲೇರಿಯಾ ಖ್ಯಾತಿಯ ರೊನಾಲ್ಡ್ ರಾಸ್ ಪತ್ರಿಕೆಯಲ್ಲಿ ಬರೆದು ಗದ್ದಲ ಎಬ್ಬಿಸಿದ ಮೇಲೆ, 1907ರಲ್ಲಿ, ಹಾಫ್ಕಿನ್ ನಿರ್ದೋಷಿ ಎನಿಸಿಕೊಂಡ.

ಪರೇಲಿನ ಕುರ್ಚಿ ಮಾತ್ರ ಮರಳಿ ಸಿಗಲಿಲ್ಲ. ಕಲ್ಕತ್ತೆಯ ಪ್ರಯೋಗಾಲಯಕ್ಕೆ ಕಳಿಸಿ, ಜನರ ಮೇಲೆ ಲಸಿಕೆ ಪ್ರಯೋಗ ಮಾಡಕೂಡದು ಎಂದು ಕಟ್ಟು ಹಾಕಿದರು. ಸಾವಿರಾರು ತೋಳುಗಳಿಗೆ ಸೂಜಿ ಚುಚ್ಚಿದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಏನಿದ್ದೀತು? ನಿರ್ದೋಷಿ ಎಂದ ಮೇಲೂ ಅನುಮಾನ ಉಳಿಸಿಕೊಂಡ ಸರ್ಕಾರದ ನಡೆ ನನಗೆ ಮೊದಲ ತಪ್ಪಿಗಿಂತ ಕೆಟ್ಟದ್ದಾಗಿ ಕಾಣುತ್ತದೆ. 1914ರಲ್ಲಿ ನಿವೃತ್ತನಾಗಿ ಹಾಫ್ಕಿನ್ ಯುರೋಪಿಗೆ ಹೊರಟುಹೋದ. ಮದುವೆಯಾಗಿರಲಿಲ್ಲ.

1925ರಲ್ಲಿ ಪರೇಲಿನ ಪ್ರಯೋಗಾಲಯಕ್ಕೆ ಹಾಫ್ಕಿನ್ ಸಂಸ್ಥೆ ಎಂದು ಹೆಸರಿಟ್ಟರು. ಆತ ಆಗ ದೂರದಲ್ಲಿದ್ದ. ಐದು ವರ್ಷದ ನಂತರ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡ.