ರಾಮಾನುಜನ್ ಆರಿಸಿಕೊಂಡ ಲೆಕ್ಕಗಳು

ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳು ಯಾವ ಲೆಕ್ಕಗಳನ್ನು ಹಿಡಿದು ಅಭ್ಯಾಸ ಮಾಡಬೇಕೆಂದು ತಂದೆತಾಯಿಗಳು ಕೇಳುವುದುಂಟು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಬಾಳಿನಲ್ಲಿ ಇದಕ್ಕೆ ಉತ್ತರವಿದೆ, ಎಚ್ಚರಿಕೆಯೂ ಇದೆ.

ಆರ್.ಎಸ್. ಪುರಂನವರಾದ ನಮಗೆ ಅವರು ದೂರದವರಲ್ಲ. 1887ರ ಡಿಸೆಂಬರ್ 22ರಂದು ಅವರು ಜನಿಸಿದ್ದು ತಾಯಿಯ ತವರಾದ ಈರೋಡಿನಲ್ಲಿ. ಆಗ ಆ ಊರು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ತಂದೆ ಕುಂಭಕೋಣದ ಬಟ್ಟೆಯಂಗಡಿಯೊಂದರಲ್ಲಿ ಗುಮಾಸ್ತರು. ಬಾಲಕ ಬೆಳೆದದ್ದು ಆ ಊರಿನಲ್ಲಿಯೇ.

ಮೊದಲು ಅವರ ಕೈಗೆ ಬಂದದ್ದು ಲೋನಿ ಎಂಬವರ ತ್ರಿಕೋನಮಿತಿ ಪುಸ್ತಕ. ಹದಿಮೂರರ ವಯಸ್ಸಿಗೆ ಅದನ್ನು ಅರಗಿಸಿಕೊಂಡರು. 1903ರ ಸುಮಾರಿಗೆ ಕಾರ್ ಎಂಬ ಇಂಗ್ಲೆಂಡಿನ ಗಣಿತ ಪಾಠದ ಮೇಷ್ಟರು ಪರೀಕ್ಷೆಗೆ ಕೂರುವವರಿಗಾಗಿ ಬರೆದ ದಪ್ಪ ಪುಸ್ತಕ ದೊರಕಿತು. ಅದರಲ್ಲಿ ಸುಮಾರು ಐದು ಸಾವಿರ ಸೂತ್ರಗಳು. ಸಾಧನೆ ಮಾತ್ರ ಹೆಚ್ಚಿನವಕ್ಕೆ ಇಲ್ಲ, ಇದ್ದರೂ ಒಂದೆರಡು ಸಾಲು. ಉತ್ತರ ಗೊತ್ತು, ದಾರಿ ಗೊತ್ತಿಲ್ಲ. ರಾಮಾನುಜನ್ ಅವರಿಗೆ ಬೇಕಾಗಿದ್ದುದೂ ಇದೇ. ಒಂದೊಂದು ಸೂತ್ರವನ್ನೂ ತಾವೇ ಸಾಧಿಸುತ್ತ ಹೋದರು. ಲೋನಿ ಪುಸ್ತಕ ಮುಗಿಯದೆ ಕಾರ್ ಪುಸ್ತಕ ಸಿಕ್ಕಿದ್ದರೆ ಏನಾಗುತ್ತಿತ್ತೋ! ಮೆಟ್ಟಿಲು ಹತ್ತಿದ ಮೇಲೆ ಬಂದದ್ದರಿಂದ ಅದು ಫಲ ಕೊಟ್ಟಿತೆಂದು ನನ್ನ ಎಣಿಕೆ.

ಆದರೆ ಈ ಗೀಳಿನಲ್ಲಿ ಉಳಿದ ಪಾಠಗಳು ಮೂಲೆಗೆ ಬಿದ್ದವು. ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಕೈತಪ್ಪಿತು. ಮದರಾಸಿನಲ್ಲಿ ಎಫ್.ಎ. ಪರೀಕ್ಷೆಯಲ್ಲಿ ಎರಡು ಸಲ ನಪಾಸಾದರು. ಪದವಿಯಿಲ್ಲ, ಕೆಲಸವಿಲ್ಲ, ಕೆಲವೊಮ್ಮೆ ಹೊಟ್ಟೆಗೂ ಇಲ್ಲ. ಕಾಗದ ದುಬಾರಿಯಾದ್ದರಿಂದ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸಿ, ಕೊನೆಯ ಫಲವನ್ನಷ್ಟೇ ಪುಸ್ತಕದಲ್ಲಿ ಬರೆದಿಡುತ್ತಿದ್ದರು.

1911ರಲ್ಲಿ ಅವರೇ ಒಂದು ಲೆಕ್ಕವನ್ನು ಗಣಿತ ಪತ್ರಿಕೆಯಲ್ಲಿ ಓದುಗರ ಮುಂದಿಟ್ಟರು. 1ಕ್ಕೆ, 2ರಿಂದ ಗುಣಿಸಿದ ಇನ್ನೊಂದು ವರ್ಗಮೂಲವನ್ನು ಕೂಡಿಸಿ, ಒಟ್ಟಿನ ವರ್ಗಮೂಲ ತೆಗೆಯಬೇಕು. ಆ ಒಳಗಿನ ವರ್ಗಮೂಲದಲ್ಲಿಯೂ ಹಾಗೆಯೇ 1, ಗುಣಕ ಮಾತ್ರ 3, ಅದರೊಳಗೆ 4, ಹೀಗೆ ಕೊನೆಯಿಲ್ಲದೆ. ಬೆಲೆಯೆಷ್ಟು? ಆರು ತಿಂಗಳು ಕಾದರೂ ಯಾರೂ ಬಿಡಿಸಲಿಲ್ಲ. ಉತ್ತರ 3 ಎಂದು ಅವರೇ ತಿಳಿಸಿದರು. ಪ್ರೋಗ್ರಾಂ ಬರೆಯುವ ವಿದ್ಯಾರ್ಥಿಗೆ ಇದಕ್ಕಿಂತ ಸೊಗಸಾದ ಅಭ್ಯಾಸ ಬೇಡ. ಗುಣಕ 2ಕ್ಕೆ ನಿಲ್ಲಿಸಿದರೆ 1.73, 3ಕ್ಕೆ ನಿಲ್ಲಿಸಿದರೆ 2.24, 4ಕ್ಕೆ 2.56 ಬರುತ್ತದೆ. ಮುಂದಿನದನ್ನು ಯಂತ್ರದಿಂದ ಮಾಡಿಸಿ ನೋಡಿ. ಒಳಗಿನಿಂದ ಹೊರಕ್ಕೆ ಬರಬೇಕೆಂಬುದು ತಾನಾಗಿ ಹೊಳೆಯುತ್ತದೆ.

1912ರಲ್ಲಿ ಮದರಾಸು ಬಂದರಿನಲ್ಲಿ ಗುಮಾಸ್ತೆ ಕೆಲಸ, 1913ರಲ್ಲಿ ಪ್ರೊಫೆಸರ್ ಹಾರ್ಡಿಯವರಿಗೆ ಪತ್ರ, 1914ರಲ್ಲಿ ಕೇಂಬ್ರಿಜ್, 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ. ಕಾಯಿಲೆಯಿಂದ ಬಳಲಿ ಮರಳಿ ಬಂದು, 1920ರ ಏಪ್ರಿಲ್ 26ರಂದು 32ನೆಯ ವಯಸ್ಸಿನಲ್ಲಿ ತೀರಿಕೊಂಡರು.

1914ರಲ್ಲಿ ಅವರು ಪ್ರಕಟಿಸಿದ ಸೂತ್ರವೊಂದನ್ನು ಬಳಸಿ 1985ರಲ್ಲಿ ಅಮೆರಿಕದ ಗಾಸ್ಪರ್ ಎಂಬವರು ಕಂಪ್ಯೂಟರಿನಿಂದ 'ಪೈ' ಸಂಖ್ಯೆಯ 170 ಲಕ್ಷಕ್ಕೂ ಮಿಕ್ಕ ಅಂಕಿಗಳನ್ನು ತೆಗೆದರು. ಆ ಸೂತ್ರ ಸರಿಯೆಂದು ಪೂರ್ಣವಾಗಿ ಸಾಧಿಸಿದವರು ಆವರೆಗೆ ಯಾರೂ ಇರಲಿಲ್ಲ. ಅದರ ಸಾಧನೆ ಹೊರಬಂದದ್ದು ಅನಂತರ, ಬೇರೆಯವರ ಕೈಯಿಂದ.