ಬರಿಯ ಗಿಟಾರಿನ ಗಾಯಕ

ಅಮೆರಿಕದ ಟೆಕ್ಸಾಸಿನಲ್ಲಿ ವ್ಯಾನ್ ಜ್ಯಾಂಟ್ ಎಂಬ ಹೆಸರಿನ ಒಂದು ಜಿಲ್ಲೆಯೇ ಇದೆ. ನೆಲಕ್ಕೆ ತನ್ನ ಹೆಸರನ್ನು ಕೊಟ್ಟ ಆ ಮನೆತನದಲ್ಲಿ, ಫೋರ್ಟ್ ವರ್ತ್ ನಗರದಲ್ಲಿ, 1944ರ ಮಾರ್ಚ್ 7ರಂದು ಹುಟ್ಟಿದ ಟೌನ್ಸ್ ವ್ಯಾನ್ ಜ್ಯಾಂಟನು ವಕೀಲನಾಗಿ ಸುಖದಿಂದ ಬಾಳಬಹುದಾಗಿತ್ತು. ಆತ ಆರಿಸಿಕೊಂಡದ್ದು ಊರೂರು ಅಲೆದು ತನ್ನ ಹಾಡನ್ನು ತಾನೇ ಕಟ್ಟಿ ಹಾಡುವ ವೃತ್ತಿಯನ್ನು. ಇಂದು 'ಆಲ್ಟ್-ಕಂಟ್ರಿ' ಎಂದು ಕರೆಯಲ್ಪಡುವ ಪಂಥದವರು ಆತನನ್ನು ತಮ್ಮ ಹಿರಿಯರಲ್ಲಿ ಒಬ್ಬನೆಂದು ಎಣಿಸುತ್ತಾರೆ.

ತಾರುಣ್ಯದಲ್ಲಿಯೇ ಒಂದು ದಾರುಣ ಘಟನೆ ನಡೆಯಿತು. ಕೊಲರಾಡೋ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಮಗನ ಕುಡಿತಕ್ಕೂ ಮನೋವ್ಯಾಕುಲತೆಗೂ ಹೆದರಿದ ತಾಯಿತಂದೆಗಳು ಅವನನ್ನು ಮನೆಗೆ ಕರೆತಂದು ಗ್ಯಾಲ್ವೆಸ್ಟನ್ನಿನ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಆಗಿನ ಪದ್ಧತಿಯಂತೆ ತಿಂಗಳುಗಟ್ಟಲೆ ಇನ್ಸುಲಿನ್ ಆಘಾತದ ಚಿಕಿತ್ಸೆ ನಡೆಯಿತು. ಬಾಲ್ಯದ ನೆನಪುಗಳ ಬಹುಭಾಗ ಅಳಿಸಿಹೋಯಿತು. ತಾಯಿ ಮುಂದೆ ಅದಕ್ಕಾಗಿ ಬಹಳ ಪರಿತಪಿಸಿದಳು. ತನ್ನದೇ ಹಿಂದಣ ಬಾಳು ಮಸುಕಾದವನು ಪರರ ಬಾಳನ್ನು, ಗಣಿಗಾರನ ಮಗಳು, ಜೂಜುಗಾರ, ಡಕಾಯಿತ ಇವರ ಬಾಳನ್ನು, ಅಷ್ಟು ನಿಚ್ಚಳವಾಗಿ ಹಾಡಿದುದು ನನಗೆ ಇಂದಿಗೂ ವಿಸ್ಮಯ.

ಹ್ಯೂಸ್ಟನ್ನಿನ ಸಣ್ಣ ಪಾನಗೃಹಗಳಲ್ಲಿ ಹಾಡುತ್ತ ಆತ ಬ್ಲೂಸ್ ಗಾಯಕ ಲೈಟ್ನಿನ್ ಹಾಪ್ಕಿನ್ಸನ ಬೆರಳಾಟವನ್ನು ನೋಡಿ ಕಲಿತ. 1968ರಲ್ಲಿ ಪಾಪಿ ಎಂಬ ಸಣ್ಣ ಸಂಸ್ಥೆಯಿಂದ ಮೊದಲ ಧ್ವನಿಮುದ್ರಿಕೆ ಹೊರಬಂದಿತು. ಅದರಲ್ಲಿ ವಾದ್ಯಗಳ ಸಂದಣಿಯಲ್ಲಿ ಹಾಡು ಉಸಿರು ಕಟ್ಟಿದಂತಿದೆ. ಇದು ಆತನಿಗೂ ಒಗ್ಗಲಿಲ್ಲವೆಂದು ತೋರುತ್ತದೆ, ಏಕೆಂದರೆ ಆ ಹಾಡುಗಳಲ್ಲಿ ಹಲವನ್ನು ಮರುವರ್ಷವೇ ಸರಳವಾಗಿ ಮತ್ತೆ ಮುದ್ರಿಸಿದ. 1972ರ ವೇಳೆಗೆ ಆರು ಮುದ್ರಿಕೆಗಳಾದವು. ಆರನೆಯದಕ್ಕೆ ಬಿದ್ದ ಹೆಸರು ಆತನನ್ನು ದಿವಂಗತನೆಂದೇ ಕರೆಯುತ್ತದೆ. ಆಗ ವಯಸ್ಸು 28! ಮಾರಾಟ ಮಾತ್ರ ಅತ್ಯಲ್ಪ.

ಆದರೆ ಆ ಆರನೆಯದರಲ್ಲಿಯೇ 'ಪಾಂಚೋ ಅಂಡ್ ಲೆಫ್ಟಿ' ಎಂಬ ಕಥನಗೀತವಿತ್ತು. ಇಬ್ಬರು ಗೆಳೆಯರು, ಒಬ್ಬನು ಮೆಕ್ಸಿಕೋದ ಮರುಭೂಮಿಯಲ್ಲಿ ಸಾಯುತ್ತಾನೆ, ಇನ್ನೊಬ್ಬನು ಬಡಗಣ ಊರಿನ ಅಗ್ಗದ ಹೋಟೆಲಿನಲ್ಲಿ ಮುದಿಯಾಗುತ್ತಾನೆ. ದ್ರೋಹ ನಡೆಯಿತೇ? ಕವಿ ಬಾಯಿಬಿಟ್ಟು ಹೇಳುವುದಿಲ್ಲ. 1983ರಲ್ಲಿ ವಿಲ್ಲಿ ನೆಲ್ಸನ್, ಮರ್ಲ್ ಹ್ಯಾಗರ್ಡರು ಹಾಡಿದಾಗ ಅದು ಕಂಟ್ರಿ ಗೀತಗಳ ಪಟ್ಟಿಯ ಮೊದಲನೆಯ ಸ್ಥಾನಕ್ಕೇರಿತು. ಅದಕ್ಕಾಗಿ ತೆಗೆದ ಕಿರುಚಿತ್ರದಲ್ಲಿ ಹಾಡು ಕಟ್ಟಿದವನಿಗೆ ದೊರೆತದ್ದು ಒಂದು ಚಿಕ್ಕ ಪಾತ್ರ.

ಎಪ್ಪತ್ತರ ದಶಕದಲ್ಲಿ ಕೆಲವು ಕಾಲ ಆತ ಟೆನ್ನೆಸ್ಸಿಯ ಫ್ರ್ಯಾಂಕ್ಲಿನ್ ಬಳಿ, ನಲ್ಲಿಯಾಗಲಿ ಟೆಲಿಫೋನಾಗಲಿ ಇಲ್ಲದ ಗುಡಿಸಲಿನಲ್ಲಿದ್ದ. ಮದ್ಯವೂ ಹೆರಾಯಿನೂ ಬಿಡಲಿಲ್ಲ. ಈ ವ್ಯಸನವೇ ಕಾವ್ಯದ ತಾಯಿಬೇರೆಂದು ಹೇಳುವ ಅಭಿಮಾನಿಗಳುಂಟು. ನಾನು ಒಪ್ಪಲಾರೆ. ಮೊದಲ ಐದು ವರ್ಷಗಳಲ್ಲಿ ಆರು ಮುದ್ರಿಕೆಗಳನ್ನು ಕೊಟ್ಟವನಿಂದ 1978ರ ಬಳಿಕ ಮುಂದಿನ ಹೊಸ ಸ್ಟುಡಿಯೋ ಮುದ್ರಿಕೆ ಬರಲು 1987 ಆಗಬೇಕಾಯಿತು. ಕುಡಿತವು ಹಾಡನ್ನು ತಂದಿತೋ, ತಿಂದಿತೋ, ಓದುಗರೇ ಎಣಿಸಿ ನೋಡಲಿ.

1996ರ ಡಿಸೆಂಬರಿನಲ್ಲಿ ಸೊಂಟದ ಮೂಳೆ ಮುರಿದುಕೊಂಡ ಸ್ಥಿತಿಯಲ್ಲಿಯೇ ಮೆಂಫಿಸ್ಸಿಗೆ ಹೋಗಿ ಧ್ವನಿಮುದ್ರಣಕ್ಕೆ ಕುಳಿತ. ಕೆಲಸ ಅರ್ಧದಲ್ಲಿ ನಿಂತಿತು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಮರಳಿದವನು 1997ರ ಜನವರಿ 1ರಂದು, 52ನೆಯ ವಯಸ್ಸಿನಲ್ಲಿ, ತೀರಿಕೊಂಡ. ಕಂಟ್ರಿ ಸಂಗೀತದ ಮಹಾಗಾಯಕ ಹ್ಯಾಂಕ್ ವಿಲಿಯಮ್ಸ್ ಸತ್ತದ್ದೂ 1953ರ ಜನವರಿ 1ರಂದೇ. ಆತನನ್ನು ಗುರುವೆಂದು ತಿಳಿದು ಮಗನಿಗೆ ಟೌನ್ಸ್ ಎಂಬ ಹೆಸರನ್ನೂ ಇಟ್ಟ ಸ್ಟೀವ್ ಅರ್ಲ್ 2009ರಲ್ಲಿ ಆ ಹಾಡುಗಳನ್ನೇ ಹಾಡಿ ಒಂದು ಮುದ್ರಿಕೆ ಹೊರತಂದ. ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂದಿತು.

ಹೊಸದಾಗಿ ಕೇಳುವವರಿಗೆ ನಾನು ಸೂಚಿಸುವುದು ಬೇರೊಂದನ್ನು. 1973ರ ಜುಲೈಯಲ್ಲಿ ಹ್ಯೂಸ್ಟನ್ನಿನ 'ಓಲ್ಡ್ ಕ್ವಾರ್ಟರ್' ಎಂಬ ಇಕ್ಕಟ್ಟಾದ ಪಾನಗೃಹದಲ್ಲಿ ಮುದ್ರಿಸಿ 1977ರಲ್ಲಿ ಹೊರಬಂದ ಜೋಡಿ ತಟ್ಟೆಗಳವು. ಅಲ್ಲಿ ಒಂದು ಕಂಠ, ಒಂದು ಗಿಟಾರು. ನಡುನಡುವೆ ಗಾಯಕನ ಹಾಸ್ಯ, ಜನರ ನಗು.